ಹಿಮದ ದಾರಿಗೆ ಚೀಲ ಕಟ್ಟುವಾಗ ಹಂಚಿಕೊಳ್ಳಬಾರದ್ದು

ಕರ್ನಾಟಕದಲ್ಲಿ ಚಾರಣಕ್ಕೆ ಹೊರಡುವ ಗೆಳೆಯರ ಗುಂಪು ಸಾಮಾನನ್ನು ಹಂಚಿಕೊಂಡೇ ಹೊರಡುತ್ತದೆ. ಕುಕ್ಕೆಯಿಂದ ಕುಮಾರ ಪರ್ವತ ಹತ್ತುವವರಾಗಲಿ, ಕೊಡಗಿನ ತಡಿಯಂಡಮೋಳಿಗೆ ಹೋಗುವವರಾಗಲಿ, ಒಬ್ಬರು ಟಾರ್ಚ್ ತಂದರೆ ಇನ್ನೊಬ್ಬರು ಔಷಧಿಯ ಡಬ್ಬಿ ತರುತ್ತಾರೆ, ಮತ್ತೊಬ್ಬರು ಚಾಕು, ಹಗ್ಗ, ಜಿಗಣೆಗೆ ಉಪ್ಪು ತರುತ್ತಾರೆ. ‘ಒಬ್ಬರ ಹತ್ತಿರ ಇದ್ದರೆ ಸಾಕು’ ಎನ್ನುವುದು ನಾವು ಚೀಲ ಕಟ್ಟುವ ಕ್ರಮ. ಅದರಿಂದ ಎಲ್ಲರ ಹೊರೆಯೂ ಹಗುರಾಗುತ್ತದೆ, ಒಬ್ಬರನ್ನೊಬ್ಬರು ನೆಚ್ಚಿಕೊಂಡು ನಡೆಯುವ ಸ್ನೇಹವೂ ಬೆಳೆಯುತ್ತದೆ. ಸ್ವಿಟ್ಜರ್ಲೆಂಡಿಗೆ ಬಂದು ನೆಲೆಸಿ, ಚಳಿಗಾಲದಲ್ಲಿ ಇಲ್ಲಿಯವರ ಜೊತೆ ಸ್ಕೀ ಟೂರಿಂಗ್ ಕಲಿತ ಮೇಲೆ, ಈ ಕ್ರಮ ಎಲ್ಲಿಯವರೆಗೆ ಸರಿ, ಯಾವ ಸಾಮಾನಿನ ಮಟ್ಟಿಗೆ ಅದು ಪ್ರಾಣಕ್ಕೆ ಎರವಾಗುತ್ತದೆ ಎಂಬ ಬಗ್ಗೆ ನನ್ನಲ್ಲಿ ಒಂದು ಖಚಿತ ಅಭಿಪ್ರಾಯ ಮೂಡಿದೆ. ಯುರೋಪಿನ ಊರುಗಳಲ್ಲಿ ನೆಲೆಸಿ ಹಿಮದ ಆಟಗಳಿಗೆ ಇಳಿಯುತ್ತಿರುವ ಕನ್ನಡಿಗರೂ, ಗುಲ್ಮಾರ್ಗಿನ ಅಫರ್ವಟ್ ಬೆಟ್ಟಕ್ಕೆ ಸ್ಕೀ ಹಿಡಿದು ಹೋಗುವ ಬೆಂಗಳೂರಿನ ಉತ್ಸಾಹಿಗಳೂ ಇದನ್ನು ಯೋಚಿಸಬೇಕು ಎಂಬುದು ನನ್ನ ಆಸೆ.

ಸ್ಕೀ ಟೂರಿಂಗ್ ಎಂದರೆ ಕೇಬಲ್ ಕಾರಿನ ನೆರವಿಲ್ಲದೆ ಸ್ವಂತ ಕಾಲಬಲದಿಂದ ಹಿಮದ ಬೆಟ್ಟ ಹತ್ತಿ, ಯಾರೂ ಹದ ಮಾಡಿರದ ಹಿಮದ ಮೇಲೆ ಇಳಿಯುವುದು. ಹತ್ತುವಾಗ ಸ್ಕೀಯ ತಳಕ್ಕೆ ‘ಸ್ಕಿನ್’ ಎಂಬ ಉದ್ದನೆಯ ಪಟ್ಟಿಯನ್ನು ಅಂಟಿಸುತ್ತಾರೆ. ಅದರ ರೋಮ ಒಂದೇ ದಿಕ್ಕಿಗೆ ಮಲಗಿರುವುದರಿಂದ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಒಂದು ಕಾಲಕ್ಕೆ ಸೀಲ್ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದ ಈ ಪಟ್ಟಿಯನ್ನು ಈಗ ಮೊಹೇರ್ ಉಣ್ಣೆಯಿಂದಲೂ ನೈಲಾನಿನಿಂದಲೂ ಮಾಡುತ್ತಾರೆ. ಜ್ಯೂರಿಕ್‌ನಿಂದ ಬೆಳಗಿನ ರೈಲಿನಲ್ಲಿ ಲ್ಯಾಂಡ್‌ಕ್ವಾರ್ಟ್, ಅಲ್ಲಿಂದ ಕಿರುಹಳಿಯ ರೈಲಿನಲ್ಲಿ ಕ್ಯೂಬ್ಲಿಸ್, ಅಲ್ಲಿಂದ ಹಳದಿ ಪೋಸ್ಟ್ ಬಸ್ಸಿನಲ್ಲಿ ಸಾಂಕ್ಟ್ ಆಂಟೋನಿಯೆನ್ ಎಂಬ ಹಳ್ಳಿಗೆ ಹೋಗಿ ಇಳಿದರೆ, ಸ್ಕೀ ಹೊತ್ತ ಹತ್ತಾರು ಮಂದಿ ಜೊತೆಗೇ ಇಳಿಯುತ್ತಾರೆ. ಆ ಹಳ್ಳಿಯಲ್ಲಿ ಬೆಟ್ಟದ ಕಡೆಯಿಂದ ನುಗ್ಗುವ ಹಿಮ ಸೂರಿನ ಮೇಲೆ ಹಾದುಹೋಗಲಿ ಎಂದು ಕೆಲವು ಮನೆಗಳ ಬೆನ್ನಿಗೆ ದಿಬ್ಬ ಕಟ್ಟಿದ್ದಾರೆ, ಊರಿನ ಮೇಲಿನ ಇಳಿಜಾರಿನಲ್ಲಿ ಹಿಮ ತಡೆಯುವ ಬೇಲಿಗಳ ಸಾಲುಗಳಿವೆ. ಹಿಮಕುಸಿತದ ಜೊತೆ ತಲೆಮಾರುಗಳಿಂದ ಬದುಕಿದ ಜನ ಚೀಲ ಕಟ್ಟುವ ರೀತಿಯನ್ನು ನಾವು ಕಲಿಯುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇಲ್ಲಿ ಗುಂಪಿನ ಪ್ರತಿಯೊಬ್ಬರ ಬಳಿಯೂ ಮೂರು ಸಾಮಾನು ಇರಲೇಬೇಕು: ಟ್ರಾನ್ಸೀವರ್, ಸಲಿಕೆ, ಪ್ರೋಬ್. ಟ್ರಾನ್ಸೀವರ್ ಎಂಬುದು ಅಂಗೈಯಗಲದ ರೇಡಿಯೊ ಉಪಕರಣ. ಎಲ್ಲ ಕಂಪನಿಯವೂ 457 ಕಿಲೋಹರ್ಟ್ಸ್ ಎಂಬ ಒಂದೇ ತರಂಗದಲ್ಲಿ ಕೆಲಸ ಮಾಡುತ್ತವೆ. ನಡೆಯುವಾಗ ಅದು ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹಿಮದಡಿ ಸಿಕ್ಕಿಕೊಂಡರೆ ಮೇಲಿರುವವರು ತಮ್ಮ ಉಪಕರಣಗಳನ್ನು ಹುಡುಕುವ ಸ್ಥಿತಿಗೆ ಬದಲಿಸಿ ಆ ಸಂಕೇತದ ಜಾಡು ಹಿಡಿಯುತ್ತಾರೆ. ಪ್ರೋಬ್ ಎಂದರೆ ಬಿಡಿಸಿದಾಗ ಎರಡೂವರೆಯಿಂದ ಮೂರು ಮೀಟರ್ ಉದ್ದವಾಗುವ, ಮಡಚಿಡಬಹುದಾದ ತೆಳು ಕೋಲು. ಟ್ರಾನ್ಸೀವರ್ ತೋರಿಸಿದ ಜಾಗದಲ್ಲಿ ಅದನ್ನು ಹಿಮಕ್ಕೆ ಚುಚ್ಚಿ ಮೈ ತಾಗುವ ಆಳವನ್ನು ಕಂಡುಕೊಳ್ಳುತ್ತಾರೆ. ಆಮೇಲೆ ಉಳಿಯುವುದು ಅಗೆಯುವ ಕೆಲಸ, ಹೆಚ್ಚಿನ ಸಮಯವನ್ನು ನುಂಗುವುದೂ ಅದೇ. ಕುಸಿದು ಬಂದು ನಿಂತ ಹಿಮ ನಾವು ಎಣಿಸುವಂತೆ ಮೆತ್ತಗಿರುವುದಿಲ್ಲ, ನಿಂತ ಕೆಲವೇ ಕ್ಷಣಗಳಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಕೈಯಿಂದಲೋ ಸ್ಕೀಯ ತುದಿಯಿಂದಲೋ ಅದನ್ನು ತೆಗೆಯುವುದು ಆಗದ ಮಾತು. ಪ್ಲಾಸ್ಟಿಕ್ ಅಲಗಿನ ಸಲಿಕೆಯನ್ನು ಇಲ್ಲಿಯವರು ಸಲಿಕೆಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಯುಮಿನಿಯಂ ಅಲಗು, ಎಳೆದು ಉದ್ದ ಮಾಡಬಹುದಾದ ಹಿಡಿ ಇರಬೇಕು.

ಇವನ್ನು ಹಂಚಿಕೊಳ್ಳಲಾಗದು ಏಕೆ ಎಂಬುದನ್ನು ನಮ್ಮವರಿಗೆ ವಿವರಿಸುವಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಸಲಿಕೆ ಇರುವವರೇ ಹೂತುಹೋದರೆ? ನಾಲ್ವರ ಗುಂಪಿನಲ್ಲಿ ಒಂದೇ ಸಲಿಕೆ ಇದ್ದು, ಅದನ್ನು ಹೊತ್ತವರೇ ಹಿಮದಡಿ ಇದ್ದರೆ, ಉಳಿದ ಮೂವರ ಕೈ ಬರಿದು. ನನ್ನ ಬೆನ್ನ ಮೇಲಿನ ಸಲಿಕೆ ನನಗೆ ಎಂದೂ ಉಪಯೋಗಕ್ಕೆ ಬರುವುದಿಲ್ಲ, ಅದು ಪೂರ್ತಿಯಾಗಿ ಜೊತೆಗಾರರಿಗೆ ಸೇರಿದ್ದು. ನನ್ನ ಜೀವ ಇರುವುದು ಅವರ ಚೀಲದಲ್ಲಿರುವ ಸಲಿಕೆಯಲ್ಲಿ. ಹೀಗೆ ನೋಡಿದರೆ ಇಲ್ಲಿಯವರ ಕ್ರಮ ನಮ್ಮ ಹಂಚಿಕೊಳ್ಳುವ ಗುಣಕ್ಕೆ ವಿರುದ್ಧವಾದುದಲ್ಲ. ಹೊರಗಿನಿಂದ ನೋಡಿದವರಿಗೆ, ಪ್ರತಿಯೊಬ್ಬರೂ ತಮ್ಮದನ್ನು ತಾವೇ ಹೊರುವ ಈ ಪದ್ಧತಿ ‘ಅವರವರಿಗೆ ಅವರವರದು’ ಎಂಬ ಪಾಶ್ಚಾತ್ಯ ಸ್ವಭಾವದಂತೆ ಕಾಣಬಹುದು, ನಮ್ಮವರಲ್ಲಿ ಹಲವರು ಹಾಗೆಯೇ ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು ತಿಳಿವಳಿಕೆ.

ಸಮಯದ ಲೆಕ್ಕ ಈ ಮಾತನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಪೂರ್ತಿ ಹೂತುಹೋದವರನ್ನು ಮೊದಲ 10 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ; ಅರ್ಧ ಗಂಟೆಯ ಹೊತ್ತಿಗೆ ಬದುಕುಳಿಯುವವರು ಸುಮಾರು ಮೂರರಲ್ಲಿ ಒಬ್ಬರು. ಸ್ವಿಟ್ಜರ್ಲೆಂಡಿನಲ್ಲಿ 1414ಕ್ಕೆ ಕರೆ ಮಾಡಿದರೆ ರೇಗಾ ಸಂಸ್ಥೆಯ ಹೆಲಿಕಾಪ್ಟರ್ ಬರುತ್ತದೆ, ಅದರ ಸೇವೆಗೆ ದೊಡ್ಡ ಹೆಸರಿದೆ. ಆದರೂ ಕರೆ ಹೋಗಿ, ಹೆಲಿಕಾಪ್ಟರ್ ಎದ್ದು, ಬೆಟ್ಟ ಮುಟ್ಟುವಷ್ಟರಲ್ಲಿ ಆ ಮೊದಲ 10 ನಿಮಿಷ ಕಳೆದಿರುತ್ತದೆ. ಮಂಜು ಮುಸುಕಿದ್ದರೆ ಹಾರಲೂ ಆಗುವುದಿಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಆರು ದಿನ ಉಸಿರು ಹಿಡಿದಿದ್ದ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರು ಯಾರೂ ಮರೆತಿಲ್ಲ. ಹೊರತೆಗೆದಾಗ ಜೀವವಿದ್ದ ಅವರು ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು, ಅವರ ಜೊತೆಗಿದ್ದ ಒಂಬತ್ತು ಯೋಧರು ಹಿಮದಡಿಯೇ ಅಸುನೀಗಿದ್ದರು. ಆರು ದಿನದ ಆ ಸಂಗತಿಯನ್ನು ನೆನೆದು, ಹಿಮದಡಿ ಸಿಕ್ಕಿದವರಿಗೆ ಸಾಕಷ್ಟು ಕಾಲಾವಕಾಶ ಇರುತ್ತದೆ ಎಂದು ಊರಿನಲ್ಲಿ ಕೆಲವರು ನಂಬಿರುವುದನ್ನು ಕಂಡಿದ್ದೇನೆ. ಅದು ಅಪರೂಪದಲ್ಲಿ ಅಪರೂಪ. ಉಳಿದವರ ಪಾಲಿಗೆ ಇರುವುದು ಪಕ್ಕದಲ್ಲಿದ್ದ ಗೆಳೆಯರ ಕೈ, ಅವರ ಸಲಿಕೆ, ಆ ಕೆಲವು ನಿಮಿಷ.

ಆದುದರಿಂದ ಯಾವುದು ಎಲ್ಲಿರಬೇಕು ಎಂಬುದೂ ಇಲ್ಲಿ ನಿಗದಿಯಾಗಿದೆ. ಟ್ರಾನ್ಸೀವರ್ ಚೀಲದಲ್ಲಿ ಇರಕೂಡದು, ಕುಸಿತ ಚೀಲವನ್ನು ಬೆನ್ನಿನಿಂದ ಕಿತ್ತೊಯ್ಯಬಹುದು. ಅದನ್ನು ಪಟ್ಟಿಯ ಸಮೇತ ಮೈಗೆ ಕಟ್ಟಿಕೊಂಡು ಮೇಲೆ ಜಾಕೆಟ್ ಹಾಕಬೇಕು. ಮೊಬೈಲ್ ಫೋನನ್ನು ಅದರಿಂದ ಕನಿಷ್ಠ 20 ಸೆಂಟಿಮೀಟರ್ ದೂರ ಇಡಬೇಕು, ಹುಡುಕುವ ಹೊತ್ತಿನಲ್ಲಿ 50 ಸೆಂಟಿಮೀಟರ್, ಇಲ್ಲವಾದರೆ ಸಂಕೇತ ಕೆಡುತ್ತದೆ. ಸಲಿಕೆ, ಪ್ರೋಬ್ ಎರಡೂ ಚೀಲದ ಹೊರಬದಿಯ ಪ್ರತ್ಯೇಕ ಖಾನೆಯಲ್ಲಿರಬೇಕು, ಆ ಖಾನೆಯಲ್ಲಿ ಬೇರೇನನ್ನೂ ತುರುಕಬಾರದು. ಊಟದ ಡಬ್ಬಿ, ಸ್ವೆಟರು, ನೀರಿನ ಬಾಟಲಿಗಳನ್ನೆಲ್ಲ ಹೊರಗೆಸೆದು ತಳದಿಂದ ಸಲಿಕೆ ಎಳೆಯುವಷ್ಟು ವ್ಯವಧಾನ ಆಗ ಯಾರಿಗೂ ಇರುವುದಿಲ್ಲ.

ಇಲ್ಲಿಯ ಪದ್ಧತಿಗಳಲ್ಲಿ ನನಗೆ ಅತಿ ಹೆಚ್ಚು ಬೆಲೆಯುಳ್ಳದ್ದಾಗಿ ತೋರಿದ್ದು ಹೊರಡುವ ಮುನ್ನ ಮಾಡುವ ತಪಾಸಣೆ. ಹಲವು ದಾರಿಗಳ ಬುಡದಲ್ಲಿ ಒಂದು ಕಂಬವಿರುತ್ತದೆ. ಅದರ ಮುಂದೆ ಹಾದುಹೋಗುವವರ ಟ್ರಾನ್ಸೀವರ್ ಸಂಕೇತ ಕಳಿಸುತ್ತಿದ್ದರೆ ಹಸಿರು ಗುರುತು ಹತ್ತುತ್ತದೆ. ಆದರೆ ಕಂಬವನ್ನು ನಂಬಿ ಯಾರೂ ಹೊರಟುಬಿಡುವುದಿಲ್ಲ. ಗುಂಪಿನ ಮುಂದಾಳು ತನ್ನ ಉಪಕರಣವನ್ನು ತಪಾಸಣೆಯ ಸ್ಥಿತಿಗೆ ಹಾಕಿ ಹತ್ತಾರು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಾನೆ. ಉಳಿದವರು ನಡುವೆ ಅಂತರ ಬಿಟ್ಟು ಒಬ್ಬೊಬ್ಬರಾಗಿ ಅವನ ಮುಂದೆ ಹಾಯುತ್ತಾರೆ, ಒಬ್ಬೊಬ್ಬರಿಗೂ ಬೀಪ್ ಸದ್ದು ಕೇಳಿದ ಮೇಲೆಯೇ ಅವನು ತಲೆಯಾಡಿಸುತ್ತಾನೆ. ಕೊನೆಗೆ ಅವನದನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ಬ್ಯಾಟರಿ ಎಷ್ಟು ಉಳಿದಿದೆ ಎಂಬುದನ್ನು ಎಲ್ಲರೂ ಬಾಯಿಬಿಟ್ಟು ಹೇಳಬೇಕು. ಇಪ್ಪತ್ತರ ಹುಡುಗಿ ಅರವತ್ತರ ಹಿರಿಯನನ್ನು ಕೇಳುತ್ತಾಳೆ, ಹೊಸಬರು ಗೈಡನ್ನೇ ಕೇಳುತ್ತಾರೆ, ಯಾರ ಮುಖವೂ ಸಣ್ಣದಾಗುವುದಿಲ್ಲ.

ನಮ್ಮಲ್ಲಿ ಇದು ಸುಲಭವಲ್ಲ. ಹಿರಿಯರ ಚೀಲ ತೆರೆಸಿ ನೋಡುವುದು, ಮುಂದಾಳಿಗೆ ‘ನಿಮ್ಮ ಬಳಿ ಟಾರ್ಚ್ ಇದೆಯೇ’ ಎಂದು ಕೇಳುವುದು ಅವರ ಮೇಲೆ ನಂಬಿಕೆ ಇಲ್ಲವೆಂದು ಹೇಳಿದಂತೆ ಎಂಬ ಸಂಕೋಚ ನಮಗಿದೆ. ಇಲ್ಲಿಯ ಕನ್ನಡ ಗೆಳೆಯರ ಜೊತೆ ಹೊರಡುವಾಗಲೂ ಮೊದಮೊದಲು ಆ ಸಂಕೋಚ ಕಾಣುತ್ತಿತ್ತು. ಈಗ ನಮ್ಮಲ್ಲಿ ಎಲ್ಲರಿಗಿಂತ ಕಿರಿಯ ಹುಡುಗನಿಗೇ ತಪಾಸಣೆಯ ಹೊಣೆ ಕೊಟ್ಟಿದ್ದೇವೆ. “ಅಣ್ಣಾ, ಸಲಿಕೆ ಜೋಡಿಸಿ ತೋರಿಸ್ತೀರಾ?” ಎಂದು ಅವನು ಕೇಳಿದಾಗ ಸಲಿಕೆಯ ಅಲಗಿಗೆ ಹಿಡಿ ಸೇರಿಸಿ, ಗುಂಡಿ ‘ಟಕ್’ ಎನ್ನುವವರೆಗೆ ತಳ್ಳಿ ತೋರಿಸಬೇಕು, ಕೈಗವಸು ತೆಗೆಯುವಂತಿಲ್ಲ, ಏಕೆಂದರೆ ಬೇಕಾದಾಗ ಕೈಗವಸಿನಲ್ಲೇ ಜೋಡಿಸಬೇಕಾಗುತ್ತದೆ. ಗೌರವಕ್ಕೆ ಇದರಿಂದ ಕುಂದು ಬಂದದ್ದನ್ನು ನಾನು ಕಂಡಿಲ್ಲ.

ಇನ್ನುಳಿದ ಸಾಮಾನು ಎಷ್ಟಿರಬೇಕು ಎಂಬುದನ್ನು ಹಿಂದಿನ ದಿನದ ಸಂಜೆ ತೀರ್ಮಾನಿಸುತ್ತದೆ. ದಾವೋಸ್‌ನಲ್ಲಿರುವ ಹಿಮ ಹಾಗೂ ಹಿಮಕುಸಿತ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ಪ್ರತಿದಿನ ಸಂಜೆ 5 ಗಂಟೆಗೆ ಅಪಾಯದ ಮುನ್ಸೂಚನೆ ಪ್ರಕಟಿಸುತ್ತದೆ. 1ರಿಂದ 5ರವರೆಗಿನ ಮಟ್ಟ, ಯಾವ ದಿಕ್ಕಿನ ಇಳಿಜಾರು, ಯಾವ ಎತ್ತರದಿಂದ ಮೇಲೆ ಎಂಬ ವಿವರ ಅದರಲ್ಲಿರುತ್ತದೆ. ಅದನ್ನು ಓದಿ, 30 ಡಿಗ್ರಿಗಿಂತ ಕಡಿದಾದ ಇಳಿಜಾರುಗಳಿಗೆ ಬಣ್ಣ ಹಚ್ಚಿದ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು, ಹೋಗುವ ಬೆಟ್ಟವನ್ನು ಗೊತ್ತುಮಾಡಿದ ಮೇಲೆಯೇ ಚೀಲ ಕಟ್ಟಬೇಕು. ಮೂರು ಸಾಮಾನು ಇವೆಯೆಂದು ಕಡಿದಾದ ಜಾಗಕ್ಕೆ ಹೋಗುವುದು ಸರಿಯಲ್ಲ. ಹಿಮಕ್ಕೆ ಸಿಕ್ಕಿದವರಲ್ಲಿ ಬಹುಪಾಲು ಮಂದಿಯ ವಿಷಯದಲ್ಲಿ ಆ ಕುಸಿತವನ್ನು ಎಬ್ಬಿಸಿದ್ದು ಅವರೇ ಅಥವಾ ಅವರ ಜೊತೆಗಾರರೇ ಆಗಿರುತ್ತಾರೆ.

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೈಗೆ ತಾಗುವುದು ಹತ್ತಿಯದಾಗಿರಬಾರದು, ಬೆವರು ಹೀರಿ ಒಣಗದೆ ಮೈ ಕೊರೆಯುತ್ತದೆ, ಉಣ್ಣೆಯದು ಒಳ್ಳೆಯದು. ಎರಡು ಜೊತೆ ಕೈಗವಸು, ತಂಪು ಕನ್ನಡಕ, ಹೆಡ್‌ಲ್ಯಾಂಪ್, ಶುಂಠಿ ಕಷಾಯದ ಥರ್ಮಾಸ್. ಕೊಳವೆಯಿಂದ ಹೀರುವ ನೀರಿನ ಚೀಲ ಬೇಡ, ಕೊಳವೆಯಲ್ಲೇ ನೀರು ಹೆಪ್ಪುಗಟ್ಟುತ್ತದೆ. ತಿನ್ನುವುದಕ್ಕೆ ಇಲ್ಲಿಯವರು ಒಣಮಾಂಸವನ್ನೋ ಗ್ರೌಬ್ಯುಂಡನ್ ಪ್ರಾಂತದ ಅಕ್ರೋಟು ಕೇಕನ್ನೋ ಒಯ್ಯುತ್ತಾರೆ. ನಮ್ಮ ಶೇಂಗಾ ಚಿಕ್ಕಿ ಆ ಚಳಿಗೆ ಕಲ್ಲಾಗುತ್ತದೆ, ಆದರೆ ಹುರಿಹಿಟ್ಟಿನ ತಂಬಿಟ್ಟನ್ನು ಸಣ್ಣ ಉಂಡೆ ಕಟ್ಟಿ ಒಳಜೇಬಿನಲ್ಲಿಟ್ಟುಕೊಂಡರೆ ನಿಂತ ಕಾಲಿನಲ್ಲೇ ತಿನ್ನಬಹುದು.

ಹಂಚಿಕೊಳ್ಳುವ ನಮ್ಮ ಕ್ರಮಕ್ಕೆ ನಿಜವಾದ ಜಾಗ ಇರುವುದು ಉಳಿದ ಸಾಮಾನಿನಲ್ಲಿ. ಗಾಯಕ್ಕೆ ಕಟ್ಟುವ ಔಷಧಿ ಚೀಲ, ಬೂಟನ್ನು ಸ್ಕೀಗೆ ಹಿಡಿದಿಡುವ ಕಟ್ಟು ಕೆಟ್ಟರೆ ಬೇಕಾಗುವ ಸ್ಕ್ರೂ, ತಂತಿ, ಟೇಪು, ಸ್ಕಿನ್‌ನ ಅಂಟು ಒದ್ದೆಯಾಗಿ ಬಿಟ್ಟುಕೊಂಡಾಗ ಅದನ್ನು ಸ್ಕೀಗೆ ಬಿಗಿಯುವ ರಬ್ಬರ್ ಪಟ್ಟಿ, ಗಾಯಗೊಂಡವರನ್ನು ಒಳಗೆ ಮಲಗಿಸಿ ಕಾಯುವ ಬಿವಾಕ್ ಚೀಲ, ಇವನ್ನು ಗುಂಪು ಹಂಚಿಕೊಂಡು ಹೊರಬಹುದು, ಹೊರಲೇಬೇಕು. ಇಲ್ಲಿಯವರು ಕೆಲವೊಮ್ಮೆ ಎಲ್ಲವನ್ನೂ ಎಲ್ಲರೂ ಹೊತ್ತು ಸುಮ್ಮನೆ ಭಾರ ಹೆಚ್ಚಿಸಿಕೊಳ್ಳುತ್ತಾರೆ, ಇಲ್ಲವೇ ಇನ್ನೊಬ್ಬರು ತಂದಿರಬಹುದೆಂದು ಎಲ್ಲರೂ ಬಿಟ್ಟುಬರುತ್ತಾರೆ. ಹಿಂದಿನ ರಾತ್ರಿ ಫೋನಿನಲ್ಲಿ ಕೂತು ‘ನೀನು ಇದು, ನಾನು ಅದು’ ಎಂದು ಹೆಸರು ಹಿಡಿದು ಹಂಚುವ ನಮ್ಮ ಅಭ್ಯಾಸ ಈ ವಿಷಯದಲ್ಲಿ ಅವರದಕ್ಕಿಂತ ಮೇಲು ಎಂದೇ ನನ್ನ ಅನಿಸಿಕೆ.

ಬೆಚ್ಚನೆಯ ದಪ್ಪ ಜಾಕೆಟ್ ಮಾತ್ರ ಈ ಹಂಚಿಕೆಗೆ ಬರುವುದಿಲ್ಲ, ಅದು ಪ್ರತಿಯೊಬ್ಬರ ಬೆನ್ನ ಮೇಲೇ ಇರಬೇಕು. ಹಿಮಾಲಯದ ಚಾರಣಗಳಲ್ಲಿ ದುಡ್ಡು ಕೊಟ್ಟು ದೊಡ್ಡ ಚೀಲವನ್ನು ಹೇಸರಗತ್ತೆಯ ಮೇಲೆ ಮುಂದಿನ ಬಿಡಾರಕ್ಕೆ ಕಳಿಸಿ, ನೀರು ಮತ್ತು ಬಿಸ್ಕತ್ತಿನ ಪುಟ್ಟ ಚೀಲದೊಡನೆ ನಡೆಯುವ ರೂಢಿ ನಮ್ಮವರಲ್ಲಿ ಬೆಳೆದಿರುವುದು ನನಗೆ ಆತಂಕ ತರುತ್ತದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೋಗಿದ್ದ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡ ಸುದ್ದಿ ಬಂದಾಗ ಇಲ್ಲಿಯ ಕನ್ನಡದ ಮನೆಗಳಲ್ಲೂ ಸೂತಕದ ಮೌನವಿತ್ತು. ಅಂದು ಅಲ್ಲಿ ಏನಾಯಿತೆಂದು ದೂರದಲ್ಲಿ ಕೂತು ತೀರ್ಪು ಕೊಡುವ ಹಕ್ಕು ನನಗಿಲ್ಲ. ಹವೆ ಕೆಟ್ಟ ಗಳಿಗೆಯಲ್ಲಿ ಬೆಚ್ಚನೆಯ ಬಟ್ಟೆ ಬಿಡಾರದಲ್ಲಿದ್ದರೆ ಪ್ರಯೋಜನವಿಲ್ಲ ಎಂದಷ್ಟನ್ನು ಮುಂದೆ ಹೋಗುವವರಿಗೆ ಹೇಳಬಲ್ಲೆ.

ಕರ್ನಾಟಕದ ಚಾರಣ ದಾರಿಗಳಲ್ಲಿ ಟ್ರಾನ್ಸೀವರ್ ಬೇಕಿಲ್ಲ, ಸಲಿಕೆಯೂ ಬೇಕಿಲ್ಲ. ತಪಾಸಣೆಯ ಅಭ್ಯಾಸವನ್ನು ಮಾತ್ರ ಅಲ್ಲಿಗೆ ಒಯ್ಯಬಹುದು, ಅದಕ್ಕೆ ಬೇಕಾದ ಏರ್ಪಾಡು ಈಗಾಗಲೇ ಇದೆ. ಹಲವು ದಾರಿಗಳ ಬುಡದಲ್ಲಿ ಅರಣ್ಯ ಇಲಾಖೆಯ ಸಿಬ್ಬಂದಿ ಚಾರಣಿಗರ ಚೀಲ ತೆರೆಸಿ ಪ್ಲಾಸ್ಟಿಕ್ ಇದೆಯೇ ಎಂದು ನೋಡುತ್ತಾರೆ. ಅದೇ ಮೇಜಿನ ಮುಂದೆ, ಅದೇ ಎರಡು ನಿಮಿಷದಲ್ಲಿ, ಪ್ರತಿಯೊಬ್ಬರ ಬಳಿಯೂ ಟಾರ್ಚ್, ಮಳೆಯಂಗಿ, ಸಾಕಷ್ಟು ನೀರು ಇದೆಯೇ ಎಂದೂ ಕೇಳಬಹುದು. ಸಿಬ್ಬಂದಿ ಕೇಳದಿದ್ದರೆ ಗುಂಪಿನ ಕಿರಿಯರು ಕೇಳಲಿ, ಹಿರಿಯರು ಮೊದಲು ತಮ್ಮ ಚೀಲವನ್ನೇ ತೆರೆದು ತೋರಿಸಲಿ.