ವಿಮಾನ ಬಿದ್ದಾಗ ತಯಾರಕ ಕಂಪನಿ ಕಟಕಟೆ ಹತ್ತಬೇಕೇ?

ಪರ: ದುಡ್ಡು ಕಟ್ಟಿ ಮನೆಗೆ ಹೋಗುವುದು ಶಿಕ್ಷೆಯಲ್ಲ

ಮೊದಲ ಅಪಘಾತದ ಬಗ್ಗೆ ನನ್ನ ತಕರಾರಿಲ್ಲ. 2018ರ ಅಕ್ಟೋಬರ್ 29ರಂದು ಲಯನ್ ಏರ್‌ನ ಬೋಯಿಂಗ್ 737 ಮ್ಯಾಕ್ಸ್ ಜಾವಾ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ಯಂತ್ರ ಕೈಕೊಡುತ್ತದೆ, ಎಂಜಿನಿಯರುಗಳ ಲೆಕ್ಕ ತಪ್ಪುತ್ತದೆ, ಒಪ್ಪೋಣ. ನಾನು ಕೇಳುತ್ತಿರುವುದು ಅಲ್ಲಿಂದಾಚೆಗಿನ ನಾಲ್ಕೂವರೆ ತಿಂಗಳ ಬಗ್ಗೆ. 2019ರ ಮಾರ್ಚ್ 10ರಂದು ಅದೇ ಮಾದರಿಯ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ಆಡಿಸ್ ಅಬಾಬಾದಿಂದ ಮೇಲೇರಿದ ಕೆಲವೇ ನಿಮಿಷಗಳಲ್ಲಿ ನೆಲಕ್ಕಪ್ಪಳಿಸಿತು. ಇನ್ನೂ 157 ಜೀವ ಹೋದವು.

ಮ್ಯಾಕ್ಸ್‌ಗೆ ದೊಡ್ಡ ಎಂಜಿನ್ ಕೂರಿಸಿದ್ದರಿಂದ ಕೆಲವು ಸನ್ನಿವೇಶಗಳಲ್ಲಿ ಅದರ ಮೂತಿ ಮೇಲಕ್ಕೇಳುತ್ತಿತ್ತು. ಅದನ್ನು ತಗ್ಗಿಸಲು ಎಂಕ್ಯಾಸ್ ಎಂಬ ಸಾಫ್ಟ್‌ವೇರ್ ಹಾಕಿದರು. ಎದುರಿನ ಗಾಳಿಗೆ ಮೂತಿ ಎಷ್ಟು ಎದ್ದಿದೆ ಎಂದು ಅಳೆಯುವ ಎರಡು ಸೆನ್ಸರ್‌ಗಳಿದ್ದರೂ ಅದು ನೆಚ್ಚಿಕೊಂಡಿದ್ದು ಒಂದೇ ಒಂದನ್ನು. ಆ ಸೆನ್ಸರ್ ಸುಳ್ಳು ಹೇಳಿದರೆ ಸಾಫ್ಟ್‌ವೇರ್ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತುತ್ತದೆ. ಹೀಗೊಂದು ವ್ಯವಸ್ಥೆ ಇದೆಯೆಂದು ಪೈಲಟ್‌ಗಳಿಗೆ ವಿವರಿಸಿಯೇ ಇರಲಿಲ್ಲ. ಏಕೆ? ವಿವರಿಸಿದ್ದರೆ ಸಿಮ್ಯುಲೇಟರ್ ತರಬೇತಿ ಬೇಕಾಗಬಹುದಿತ್ತು. ಹಾಗೇನಾದರೂ ಆದರೆ ಪ್ರತಿ ವಿಮಾನಕ್ಕೆ ಹತ್ತು ಲಕ್ಷ ಡಾಲರ್ ಬಿಟ್ಟುಕೊಡುವುದಾಗಿ ಸೌತ್‌ವೆಸ್ಟ್ ಏರ್‌ಲೈನ್ಸ್‌ಗೆ ಬೋಯಿಂಗ್ ಮಾತು ಕೊಟ್ಟಿತ್ತು. ಎರಡು ಸೆನ್ಸರ್‌ಗಳ ಅಳತೆ ತಾಳೆಯಾಗದಿದ್ದರೆ ಎಚ್ಚರಿಸುವ ಸೂಚನೆಯೂ ಬಹುತೇಕ ಮ್ಯಾಕ್ಸ್‌ಗಳಲ್ಲಿ ಕೆಲಸ ಮಾಡುತ್ತಿರಲಿಲ್ಲ. ಕಂಪನಿಗೆ ಇದು 2017ರಲ್ಲೇ ಗೊತ್ತಿತ್ತು. ಲಯನ್ ಏರ್ ಬಿದ್ದ ಮೇಲೂ ಉಳಿದ ಮ್ಯಾಕ್ಸ್‌ಗಳು ಹಾರುತ್ತಲೇ ಇದ್ದವು.

ಇದಕ್ಕೆ ಸಿಕ್ಕ ಶಿಕ್ಷೆ ಏನು? 2021ರ ಜನವರಿಯಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯ ಜೊತೆ ಆದ ಒಪ್ಪಂದವನ್ನು 250 ಕೋಟಿ ಡಾಲರ್ ದಂಡ ಎಂದೇ ಎಲ್ಲರೂ ಹೇಳುತ್ತಾರೆ. ಬಿಡಿಸಿ ನೋಡಿದರೆ 177 ಕೋಟಿ ವಿಮಾನ ಕೊಂಡ ಸಂಸ್ಥೆಗಳ ನಷ್ಟಕ್ಕೆ, 50 ಕೋಟಿ ಮೃತರ ಕುಟುಂಬಗಳಿಗೆ. ಅಪರಾಧದ ದಂಡವೆಂದು ಕಟ್ಟಿದ್ದು 24.36 ಕೋಟಿ ಮಾತ್ರ. ಆರೋಪವಾದರೂ ಏನು? ಸರ್ಕಾರಕ್ಕೆ ವಂಚಿಸುವ ಒಳಸಂಚು! 346 ಸಾವುಗಳ ಆರೋಪ ಯಾರ ಮೇಲೂ ಬರಲಿಲ್ಲ. ಹಿರಿಯ ಆಡಳಿತದ ಕೈವಾಡವಿಲ್ಲ ಎಂದು ಒಪ್ಪಂದದಲ್ಲೇ ಬರೆದುಕೊಟ್ಟರು. ಮುಖ್ಯಸ್ಥ ಡೆನಿಸ್ ಮುಯಿಲೆನ್‌ಬರ್ಗ್ 6 ಕೋಟಿ ಡಾಲರಿಗೂ ಹೆಚ್ಚು ಬಾಚಿಕೊಂಡು ಅಷ್ಟರಲ್ಲಾಗಲೇ ಹೊರಟುಹೋಗಿದ್ದರು.

ಮೂರು ವರ್ಷ ನೆಟ್ಟಗೆ ನಡೆದುಕೊಂಡರೆ ಕೇಸು ಬಿಡುತ್ತೇವೆ ಎಂಬ ಆ ಒಪ್ಪಂದದ ಅವಧಿ ಮುಗಿಯಲು ಎರಡು ದಿನ ಬಾಕಿ ಇದ್ದಾಗ, 2024ರ ಜನವರಿ 5ರಂದು, ಅಲಾಸ್ಕಾ ಏರ್‌ಲೈನ್ಸ್‌ನ ಮ್ಯಾಕ್ಸ್‌ನಿಂದ ಬಾಗಿಲಿನ ಜಾಗ ಮುಚ್ಚಿದ್ದ ಫಲಕ ಆಕಾಶದಲ್ಲೇ ಕಿತ್ತುಹೋಯಿತು. ಆಮೇಲೆ ಬೋಯಿಂಗ್ ತಪ್ಪೊಪ್ಪಿಕೊಳ್ಳಲು ಸಿದ್ಧವಾಯಿತು, ನ್ಯಾಯಾಧೀಶರು ಆ ಒಪ್ಪಂದವನ್ನು ತಿರಸ್ಕರಿಸಿದರು, ಸರ್ಕಾರ ಹೊಸ ಒಪ್ಪಂದ ಮಾಡಿಕೊಂಡು ಕೇಸನ್ನೇ ಕೈಬಿಟ್ಟಿತು. 2025ರ ನವೆಂಬರ್‌ನಲ್ಲಿ ಪ್ರಕರಣ ವಜಾ.

ಇದು ಹಳೇ ಚಾಳಿ. 1972ರಲ್ಲಿ ಮೆಕ್‌ಡೊನೆಲ್ ಡಗ್ಲಸ್ ಕಂಪನಿಯ ಡಿಸಿ-10 ವಿಮಾನವೊಂದರ ಸರಕು ಬಾಗಿಲು ಹಾರಿಹೋದಾಗ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಕಡ್ಡಾಯ ಆದೇಶ ಹೊರಡಿಸದೆ ತಯಾರಕರ ಮಾತನ್ನು ನಂಬಿತು. 1974ರಲ್ಲಿ ಅಂಥದ್ದೇ ಬಾಗಿಲು ಪ್ಯಾರಿಸ್ ಬಳಿ ಟರ್ಕಿಷ್ ಏರ್‌ಲೈನ್ಸ್ ವಿಮಾನವನ್ನು ಕೆಡವಿತು. ಸತ್ತವರು, ಕಾಕತಾಳೀಯವೇ ಸರಿ, 346.

ನಮ್ಮ ಹೆದ್ದಾರಿಯಲ್ಲಿ ಲಾರಿ ಗುದ್ದಿ ಒಬ್ಬ ಸತ್ತರೆ ಡ್ರೈವರ್ ಮೇಲೆ ಅಂದೇ ಎಫ್‌ಐಆರ್. ಜೈಲಿಗೆ ಕಳಿಸುವುದು ಆಮೇಲಿನ ಮಾತು. ಎರಡನೇ ವಿಮಾನ ಹಾರಲು ಬಿಟ್ಟವರು ಯಾರು ಎಂದು, ನಿರ್ದೇಶಕರ ಮಂಡಳಿಯವರೆಗೂ, ಪ್ರಮಾಣ ಮಾಡಿಸಿ ಕೇಳುವ ಒಂದು ಕ್ರಿಮಿನಲ್ ವಿಚಾರಣೆಯಾದರೂ ನಡೆಯಬೇಕು.

ವಿರೋಧ: ಜೈಲಿನ ಭಯ ಸತ್ಯವನ್ನು ಹೊರಗೆ ತರುವುದಿಲ್ಲ

ಒಂದು ಕ್ರಿಮಿನಲ್ ವಿಚಾರಣೆ ನಡೆದಿತ್ತಲ್ಲ! ಕಟಕಟೆಯಲ್ಲಿ ನಿಂತವರು ಮುಖ್ಯ ತಾಂತ್ರಿಕ ಪೈಲಟ್ ಆಗಿದ್ದ ಮಾರ್ಕ್ ಫೋರ್ಕ್‌ನರ್, ಒಬ್ಬರೇ. 2022ರ ಮಾರ್ಚ್‌ನಲ್ಲಿ ಟೆಕ್ಸಸ್‌ನ ಜ್ಯೂರಿ ಅವರನ್ನು ಬಿಡುಗಡೆ ಮಾಡಿತು. ಸಾವಿರಾರು ಜನ ತುಂಡು ತುಂಡಾಗಿ ಕೈಗೊಂಡ ತೀರ್ಮಾನಗಳನ್ನು ಒಬ್ಬನ ದುರುದ್ದೇಶವೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವುದು ಸುಲಭವಲ್ಲ. ಇಮೇಲ್, ಮೆಸೇಜ್ ಸಿಕ್ಕವನು ಸಿಕ್ಕಿಬೀಳುತ್ತಾನೆ, ಅಷ್ಟೆ.

ಆ ನಾಲ್ಕೂವರೆ ತಿಂಗಳನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ದುರಸ್ತಿಯಾಗದಿದ್ದರೆ ಈ ವಿಮಾನಗಳ ಆಯುಸ್ಸಿನಲ್ಲಿ ಇನ್ನೂ ಸುಮಾರು 15 ಭೀಕರ ಅಪಘಾತಗಳಾಗಬಹುದು ಎಂದು 2018ರ ಡಿಸೆಂಬರ್‌ನಲ್ಲೇ ಅಂದಾಜು ಹಾಕಿದ್ದು ಎಫ್‌ಎಎ. ಹಾಕಿಯೂ ಹಾರಲು ಬಿಟ್ಟಿತು. ನಿಯಂತ್ರಕರನ್ನು ಯಾವ ಕಟಕಟೆಗೆ ಹತ್ತಿಸುತ್ತೀರಿ?

ಬೆಂಗಳೂರಿಗರಿಗೆ 1990ರ ಫೆಬ್ರುವರಿ 14 ನೆನಪಿರಬೇಕು. ಎಚ್‌ಎಎಲ್ ವಿಮಾನ ನಿಲ್ದಾಣದ ಪಕ್ಕದ ಗಾಲ್ಫ್ ಮೈದಾನಕ್ಕೆ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಬಿದ್ದು 92 ಮಂದಿ ಸತ್ತರು. ಆಗಿನ್ನೂ ಹೊಸ, ಕಂಪ್ಯೂಟರ್ ನಡೆಸುವ ವಿಮಾನವದು. ಅನುಮಾನವೆಲ್ಲ ಯಂತ್ರದ ಮೇಲೆ. ಸರ್ಕಾರ ಎಲ್ಲ ಎ320ಗಳನ್ನೂ ನೆಲಕ್ಕಿಳಿಸಿತು. ವಿಚಾರಣೆಯ ಕೊನೆಗೆ ಕಂಡದ್ದು, ಎಂಜಿನ್ ಶಕ್ತಿ ತಗ್ಗಿಸಿ ಇಳಿಯುವ ವಿಧಾನದಲ್ಲೇ ವಿಮಾನ ಇತ್ತು, ವೇಗ ಕುಸಿದದ್ದನ್ನು ಪೈಲಟ್‌ಗಳು ಹೊತ್ತಿಗೆ ಸರಿಯಾಗಿ ಗಮನಿಸಲಿಲ್ಲ ಎಂಬುದು. ಆ ಸಿಟ್ಟಿನ ವಾರದಲ್ಲಿ ಏರ್‌ಬಸ್ ಎಂಜಿನಿಯರುಗಳ ಮೇಲೆ ಕೊಲೆ ಕೇಸು ಹಾಕಿದ್ದರೆ? ಇಂದು ಇಂಡಿಗೋ ಹತ್ತುವ ನಾವು ಹೆಚ್ಚಾಗಿ ಕೂರುವುದು ಅದೇ ಕುಟುಂಬದ ವಿಮಾನದಲ್ಲಿ.

ಅಪಘಾತದ ತನಿಖೆಯ ಉದ್ದೇಶ ಮುಂದಿನದನ್ನು ತಡೆಯುವುದೇ ಹೊರತು ಹೊಣೆ ಹೊರಿಸುವುದಲ್ಲ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೇ ಅನುಬಂಧ ಹೇಳುವುದು ಸುಮ್ಮನಲ್ಲ. ಪೊಲೀಸರು ಬರುತ್ತಾರೆಂದರೆ ಎಂಜಿನಿಯರ್ ಮೊದಲು ಕರೆಯುವುದು ವಕೀಲನನ್ನು.

ಹಾಗಾದರೆ ಕಂಪನಿ ಪಾರಾಯಿತೇ? 20 ತಿಂಗಳು ಅಮೆರಿಕದಲ್ಲಿ ಮ್ಯಾಕ್ಸ್ ಹಾರಲಿಲ್ಲ. ನಷ್ಟ 2,000 ಕೋಟಿ ಡಾಲರ್ ದಾಟಿತು. ಇಥಿಯೋಪಿಯಾ ಪ್ರಕರಣದಲ್ಲಿ ಹೊಣೆಗಾರಿಕೆಯನ್ನು ಬೋಯಿಂಗ್ ಸಿವಿಲ್ ಕೋರ್ಟಿನಲ್ಲಿ ಒಪ್ಪಿಕೊಂಡಿದೆ. ಆ ವಿಮಾನದಲ್ಲಿ ತೀರಿಕೊಂಡ ಭಾರತದ ಹೆಣ್ಣುಮಗಳೊಬ್ಬಳ ಕುಟುಂಬಕ್ಕೆ 2025ರ ನವೆಂಬರ್‌ನಲ್ಲಿ ಷಿಕಾಗೊ ಜ್ಯೂರಿ 2.8 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು. ಪರಿಹಾರದಿಂದ ಮಗಳು ಮರಳುವುದಿಲ್ಲ ನಿಜ, ಜೈಲಿನಿಂದಲೂ ಮರಳುವುದಿಲ್ಲ.

ಇಡೀ ಕಂಪನಿಗೆ ಅಪರಾಧಿ ಪಟ್ಟ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಆಡಿಟ್ ಸಂಸ್ಥೆ ಆರ್ಥರ್ ಆಂಡರ್ಸನ್‌ನ ಉದಾಹರಣೆ ಇದೆ. 2002ರಲ್ಲಿ ಶಿಕ್ಷೆಯಾಯಿತು, 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಷ್ಟರಲ್ಲಿ ಆ ಆಡಿಟ್ ಸಂಸ್ಥೆ ಮುಳುಗಿ, ತಪ್ಪೇ ಮಾಡದ ಸಾವಿರಾರು ಜನ ಬೀದಿಗೆ ಬಿದ್ದಿದ್ದರು. ಬೋಯಿಂಗ್‌ಗೆ ಹಾಗಾದರೆ ಅದರ ಬಿಸಿ ದೇವನಹಳ್ಳಿಯ ಎಂಜಿನಿಯರಿಂಗ್ ಕೇಂದ್ರಕ್ಕೂ ತಟ್ಟದೆ ಇರುತ್ತದೆಯೇ?

ನನಗೆ ನಂಬಿಕೆ ಇರುವುದು ಬೇರೆ ಆಯುಧದಲ್ಲಿ. ಅಲಾಸ್ಕಾ ಘಟನೆಯಾದ ಮೂರು ವಾರದೊಳಗೆ, ಮ್ಯಾಕ್ಸ್ ಉತ್ಪಾದನೆಯನ್ನು ಇನ್ನು ಹೆಚ್ಚಿಸುವಂತಿಲ್ಲ ಎಂದು ಎಫ್‌ಎಎ ತಡೆ ಹಾಕಿತು. ತಿಂಗಳಿಗೆ 38ರ ಆ ಮಿತಿ 2025ರ ಅಕ್ಟೋಬರ್‌ವರೆಗೂ ಸಡಿಲವಾಗಲಿಲ್ಲ. ಅದಕ್ಕೆ ಆರೋಪಪಟ್ಟಿ, ಜ್ಯೂರಿ ಯಾವುದೂ ಬೇಕಾಗಲಿಲ್ಲ. 2018ರ ನವೆಂಬರ್‌ನಲ್ಲೇ ಎಫ್‌ಎಎ ಇಷ್ಟು ಗಟ್ಟಿಯಾಗಿದ್ದಿದ್ದರೆ ಇಥಿಯೋಪಿಯಾದ ವಿಮಾನ ನೆಲದ ಮೇಲೇ ಇರುತ್ತಿತ್ತು.