ಕಾಫಿ ಕುಡಿದರೆ ನಶೆ ಇಳಿಯುತ್ತದೆಯೇ?

ಪಾರ್ಟಿ ಮುಗಿಸಿ ಗಾಡಿ ಹತ್ತುವ ಮುಂಚೆ ಸ್ಟ್ರಾಂಗ್ ಕಾಫಿಯನ್ನೋ ನಿಂಬೆರಸವನ್ನೋ ಕುಡಿದರೆ ನಶೆ ಇಳಿಯುತ್ತದೆ ಎಂಬ ವಾಟ್ಸಾಪ್ ಸಂದೇಶ ಹೊಸ ವರ್ಷದ ಹೊತ್ತಿಗೆ ಮತ್ತೆ ಮತ್ತೆ ಬರುತ್ತದೆ. ಇಳಿಯುವುದಿಲ್ಲ.

ರಕ್ತ ಸೇರಿದ ಆಲ್ಕೋಹಾಲಿನ ಬಹುಪಾಲನ್ನು ಕರಗಿಸುವುದು ಲಿವರ್. ಅದೂ ತನ್ನದೇ ಗತಿಯಲ್ಲಿ, ಗಂಟೆಗೆ ಸುಮಾರು 7ರಿಂದ 10 ಗ್ರಾಂ. ಕಾಫಿ, ನಿಂಬೆ, ತಣ್ಣೀರ ಸ್ನಾನ ಯಾವುದಕ್ಕೂ ಅದನ್ನು ಅವಸರಪಡಿಸಲು ಆಗದು. ಕೆಫೀನ್ ಮಾಡುವ ಕೆಲಸವೇ ಬೇರೆ: ಮೆದುಳಿಗೆ ದಣಿವಿನ ಸುದ್ದಿ ಮುಟ್ಟಿಸುವ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ತೂಕಡಿಕೆ ಹೋಗುತ್ತದೆ, ಆದರೆ ಬ್ರೇಕ್ ತುಳಿಯುವಲ್ಲಿನ ತಡ, ಎದುರಿನ ಗಾಡಿ ಎಷ್ಟು ದೂರವಿದೆ ಎಂಬ ಅಂದಾಜಿನ ತಪ್ಪು ಹಾಗೇ ಉಳಿಯುತ್ತವೆ. ಚುರುಕಾದಂತೆ ನಿಜಕ್ಕೂ ಅನಿಸುವುದರಿಂದಲೇ ಜನ ಈ ಸಂದೇಶವನ್ನು ನಂಬಿ ಕಳಿಸುತ್ತಾರೆ, ಅದರಲ್ಲಿ ದಡ್ಡತನವೇನಿಲ್ಲ.

ಲೆಕ್ಕ ನೀವೇ ಹಾಕಿ ನೋಡಬಹುದು. ಬಾಟಲಿಯ ಲೇಬಲ್ ಓದಿ. 60 ಮಿಲೀ ವಿಸ್ಕಿ, ಶೇ 42.8 ಎಂದಿದ್ದರೆ: 60 × 0.428 × 0.79 (ಒಂದು ಮಿಲೀ ಆಲ್ಕೋಹಾಲಿನ ತೂಕ 0.79 ಗ್ರಾಂ), ಅಂದರೆ ಸುಮಾರು 20 ಗ್ರಾಂ ಆಲ್ಕೋಹಾಲ್. ಒಂದೇ ಲಾರ್ಜ್ ಪೆಗ್ಗಿಗೆ ಎರಡರಿಂದ ಮೂರು ಗಂಟೆ. ಮೂರು ಪೆಗ್ಗಾದರೆ ಆರರಿಂದ ಒಂಬತ್ತು. ರಾತ್ರಿ ಒಂದಕ್ಕೆ ಮಲಗಿ ಬೆಳಿಗ್ಗೆ ಏಳಕ್ಕೆ ಗಾಡಿ ತೆಗೆಯುವವರೂ ಇದನ್ನು ಗಮನಿಸಬೇಕು. ನಮ್ಮ ಕಾನೂನಿನ ಮಿತಿ 100 ಮಿಲೀ ರಕ್ತಕ್ಕೆ 30 ಮಿಲಿಗ್ರಾಂ.

ಇಂಥ ಯಾವುದೇ ಮನೆಮದ್ದಿನ ಸಂದೇಶ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ರಕ್ತದಲ್ಲಿರುವುದನ್ನು ಕಡಿಮೆ ಮಾಡುತ್ತದೆಯೋ, ಅನಿಸಿಕೆಯನ್ನಷ್ಟೇ ಬದಲಿಸುತ್ತದೆಯೋ?