ಆ ಕಪ್ಪನ್ನು ಮುಟ್ಟಬೇಡಿ

ಯಾರೋ ‘ಸಿನ್ ಸಿಟಿ’ ಅನ್ನುವ ಕಪ್ಪು ಬಿಳುಪು ಕಾಮಿಕ್ಸ್‌ನ ಒಂದು ಪುಟಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಹಾಕಿದ್ದಾರೆ. ಮಳೆಗೆ ನೀಲಿ, ಗೋಡೆಗೆ ಕಂದು, ಮುಖಕ್ಕೆ ಗುಲಾಬಿ. ಮೇಲೆ ‘ಈಗ ನೋಡಿ, ಜೀವ ಬಂತು’ ಅಂತ ಬೇರೆ ಬರೆದಿದ್ದಾರೆ. ಈಗಷ್ಟೇ ನೋಡಿದೆ. ಮೈಯೆಲ್ಲ ಉರಿಯುತ್ತಿದೆ. ಇದನ್ನು ಬರೆಯದೆ ನನಗೆ ನಿದ್ದೆ ಬರಲ್ಲ.

ನನ್ನ ಕಪಾಟಿನಲ್ಲಿ ಏನಿದೆ ಅಂತ ನಿಮಗೆಲ್ಲ ಗೊತ್ತು. ಕೊಲೆ, ಭಯ, ಯುದ್ಧ, ರೋಗ, ಜಾಸ್ತಿ ಇವೇ. ಅದರಲ್ಲೂ ಕಪ್ಪು ಬಿಳುಪಿನವು. ‘ಇಷ್ಟೊಂದು ಕತ್ತಲೆ ಯಾಕೆ ಓದ್ತೀಯ’ ಅಂತ ಕೇಳಿದವರಿಗೆ ನಾನು ಕಥೆ ಹೇಳುವುದಿಲ್ಲ, ಪುಟ ಬಿಚ್ಚಿ ಶಾಯಿ ತೋರಿಸುತ್ತೇನೆ.

ಫ್ರಾಂಕ್ ಮಿಲ್ಲರ್ 1991ರಲ್ಲಿ ಶುರು ಮಾಡಿದ ‘ಸಿನ್ ಸಿಟಿ’ಯಲ್ಲಿ ಬೂದುಬಣ್ಣ ಹುಡುಕಿದರೂ ಸಿಗುವುದು ಕಷ್ಟ. ಇದ್ದರೆ ಅಚ್ಚ ಕಪ್ಪು, ಇಲ್ಲವೇ ಅಚ್ಚ ಬಿಳಿ. ಒಂದು ಮುಖ ತಗೊಳ್ಳಿ. ಬೆಳಕು ಬಿದ್ದ ಅರ್ಧ ಕಾಣುತ್ತದೆ. ಉಳಿದರ್ಧ ಹಿಂದಿನ ಗೋಡೆಯ ಕಪ್ಪಿನೊಳಗೆ ಸೇರಿಹೋಗಿದೆ. ಕೆನ್ನೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅನ್ನುವ ಗೆರೆಯೇ ಅಲ್ಲಿಲ್ಲ. ಅದನ್ನು ಎಳೆದುಕೊಳ್ಳುವುದು ನಮ್ಮ ಕಣ್ಣು. ಬಣ್ಣ ತುಂಬುವವರು ಮೊದಲು ಮಾಡುವ ಕೆಲಸವೇ ಆ ಗೆರೆ ಎಳೆಯುವುದು. ಓದುವವರಿಗೆ ಅಂತ ಬಿಟ್ಟ ಜಾಗವನ್ನು ಕಿತ್ತುಕೊಂಡು ‘ಜೀವ ಬಂತು’ ಅಂದರೆ ಹೇಗೆ?

ಮಿಲ್ಲರ್‌ಗೆ ಬಣ್ಣ ಬೇಕಾದಾಗ ಅವರೇ ಹಾಕಿದ್ದಾರೆ. ಅದೇ ಸರಣಿಯ ‘ದಟ್ ಯೆಲ್ಲೋ ಬಾಸ್ಟರ್ಡ್’ ಕಥೆಯಲ್ಲಿ ಖಳನೊಬ್ಬನಿಗೆ ಮಾತ್ರ ಹಳದಿ. ಸುತ್ತಲೂ ಕಪ್ಪು ಬಿಳುಪು. ಅದಕ್ಕೇ ಆ ಹಳದಿ ನೋಡಿದರೆ ಹೊಟ್ಟೆ ತೊಳಸುತ್ತದೆ. ಪುಟವೆಲ್ಲ ಬಣ್ಣವಾಗಿದ್ದರೆ ಅವನೂ ಹತ್ತರಲ್ಲಿ ಒಬ್ಬ ಆಗಿರುತ್ತಿದ್ದ.

ಇನ್ನು ಚಾರ್ಲ್ಸ್ ಬರ್ನ್ಸ್. ಹದಿಹರೆಯದವರಲ್ಲಿ ಹರಡುವ ಒಂದು ವಿಚಿತ್ರ ರೋಗದ ಕಥೆ ಅವರ ‘ಬ್ಲ್ಯಾಕ್ ಹೋಲ್’. 12 ಸಂಚಿಕೆ, 1995ರಿಂದ ಸುಮಾರು ಹತ್ತು ವರ್ಷ. ಅದರ ಯಾವುದಾದರೂ ಪುಟವನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಕಪ್ಪಿನಿಂದ ಬಿಳಿಯ ಕಡೆಗೆ ಮುಳ್ಳಿನಂಥ ಗೆರೆಗಳು ಹೊರಟಿರುತ್ತವೆ. ಬುಡ ದಪ್ಪ, ತುದಿ ಕೂದಲೆಳೆ. ಒಂದರ ಪಕ್ಕ ಒಂದು, ಒಂದೇ ಹದ. ಫೆದರಿಂಗ್ ಅಂತಾರೆ ಇದಕ್ಕೆ. ಬ್ರಷ್ ಒತ್ತಿ ಶುರು ಮಾಡಬೇಕು, ಎಳೆಯುತ್ತಲೇ ಮೇಲಕ್ಕೆತ್ತಬೇಕು. ಕೈ ಒಂಚೂರು ತಡವರಿಸಿದರೆ ತುದಿ ಮೊಂಡು. ಆ ಪುಟ ನೋಡುವಾಗ ಆಗುವ ಸಂಕಟವಿದೆಯಲ್ಲ, ಅದು ಈ ಗೆರೆಗಳಿಂದ ಬರುವಂಥದ್ದು. ಅದರ ಮೇಲೆ ಬಣ್ಣ ಬಳಿದರೆ ಮೊದಲು ಮಾಯವಾಗುವುದು ಇವೇ.

ಬರ್ನ್ಸ್ ಕೈಯಲ್ಲಿರುವ ಬ್ರಷ್ ವಿನ್ಸರ್ ಅಂಡ್ ನ್ಯೂಟನ್ ಸೀರೀಸ್ 7. ಮೂಲತಃ 1866ರಲ್ಲಿ ವಿಕ್ಟೋರಿಯಾ ರಾಣಿಯ ಜಲವರ್ಣ ಚಿತ್ರಕ್ಕೆ ಅಂತ ಮಾಡಿಸಿದ್ದು. ಕೊಲಿನ್ಸ್ಕಿ ಅನ್ನುವ ಮುಂಗುಸಿಯಂಥ ಪ್ರಾಣಿಯ ಬಾಲದ ಕೂದಲು. ಹೊಟ್ಟೆ ತುಂಬ ಶಾಯಿ ಹಿಡಿಯುತ್ತದೆ, ಆದರೂ ತುದಿ ಸೂಜಿಯಷ್ಟು ಚೂಪು. ಶಾಯಿ ಮಾತ್ರ ಲೋಹದ ಪಟ್ಟಿಯವರೆಗೆ ಏರಬಾರದು. ಅಲ್ಲಿ ಒಣಗಿತೋ, ಕೂದಲು ಕವಲೊಡೆಯುತ್ತದೆ, ಮತ್ತೆ ತುದಿ ಕೂಡುವುದಿಲ್ಲ. ನನ್ನದನ್ನು ನಾನು ಯಾರಿಗೂ ಕೊಡಲ್ಲ. ಬೇಜಾರಾದರೂ ಸರಿ.

ನಿಬ್‌ನದ್ದು ಬೇರೆಯೇ ಸ್ವಭಾವ. ಜಿ ಪೆನ್ ಅನ್ನುವ ನಿಬ್ ಒತ್ತಿದರೆ ಸೀಳು ಅಗಲವಾಗಿ ಗೆರೆ ದಪ್ಪಗಾಗುತ್ತದೆ, ಸಡಿಲ ಬಿಟ್ಟರೆ ಸಣ್ಣ. ಹೊಸ ನಿಬ್ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಅದನ್ನು ಒರೆಸದಿದ್ದರೆ ಶಾಯಿ ನಿಲ್ಲುವುದೇ ಇಲ್ಲ. ಇಂಡಿಯನ್ ಇಂಕ್ ಅಂದರೆ ದೀಪದ ಮಸಿಯಂಥ ಕಪ್ಪು, ಜೊತೆಗೆ ಅರಗು. ಆ ಅರಗು ನಿಬ್ ಮೇಲೆ ಒಣಗುತ್ತಲೇ ಇರುತ್ತದೆ, ಆಗಾಗ ಒರೆಸುತ್ತಲೇ ಇರಬೇಕು. ಕಿರಿಕಿರಿ, ಒಪ್ಪಿದೆ. ಆದರೆ ಕಾಗದದ ಮೇಲೆ ಆ ಕಪ್ಪು ಕೂರುವ ರೀತಿ ನೋಡಿದರೆ ಎಲ್ಲ ಮರೆತುಹೋಗುತ್ತದೆ. ಎಲ್ಲ ಕಡೆ ಒಂದೇ ದಪ್ಪ ಬರುವ ಫೈನ್‌ಲೈನರ್ ಪೆನ್ನಿನಲ್ಲಿ ಕಿಟಕಿ ಬಾಗಿಲು ಬರೆಯಬಹುದು. ಹೆದರಿದ ಮನುಷ್ಯನ ಕತ್ತು ಬರೆಯಲು ನನಗಂತೂ ನಿಬ್ಬೇ ಬೇಕು.

ಆರ್ಟ್ ಸ್ಪೀಗೆಲ್‌ಮನ್ ‘ಮೌಸ್’ ಬರೆದದ್ದು ಫೌಂಟನ್ ಪೆನ್ನಿನಲ್ಲಿ. ಸಾಮಾನ್ಯವಾಗಿ ಕಾಮಿಕ್ಸ್ ಪುಟವನ್ನು ದೊಡ್ಡದಾಗಿ ಬರೆದು ಅಚ್ಚಿನಲ್ಲಿ ಚಿಕ್ಕದು ಮಾಡುತ್ತಾರೆ. ಆಗ ಗೆರೆ ನಯವಾಗಿ ಕಾಣುತ್ತದೆ. ಸ್ಪೀಗೆಲ್‌ಮನ್ ಅಚ್ಚಾಗುವ ಅಳತೆಯಲ್ಲೇ ಬರೆದರು. ಕೈ ಒರಟಾದ ಕಡೆ ಅದೇ ಒರಟು ನಮಗೂ ಸಿಗುತ್ತದೆ. ನಾಜಿಗಳ ಸಾವಿನ ಶಿಬಿರದಿಂದ ಬದುಕಿ ಬಂದ ಅವರ ಅಪ್ಪನ ಕಥೆ ಅದು. ನಯ ಮಾಡುವ ಮನಸ್ಸು ಅವರಿಗೆ ಬರಲಿಲ್ಲ. ಅದರ ಕೆಲವು ಪುಟ ಈಗಲೂ ನನ್ನಿಂದ ಒಂದೇ ಸಲಕ್ಕೆ ಓದಲು ಆಗುವುದಿಲ್ಲ. ಪುಸ್ತಕ ಮುಚ್ಚಿ ಎದ್ದು ಓಡಾಡುತ್ತೇನೆ.

ಗೊತ್ತು, ಹಳೆಯ ಲಂಡನ್ನಿನ ಕೊಲೆಗಳ ಕಾಮಿಕ್ಸ್ ‘ಫ್ರಮ್ ಹೆಲ್’ಗೆ ಬಣ್ಣ ಬಂದಿಲ್ವಾ ಅಂತ ಕೇಳುತ್ತೀರಿ. ಬಂದಿದೆ. ಅದರ ಚಿತ್ರಕಾರ ಎಡ್ಡಿ ಕ್ಯಾಂಬೆಲ್ ಸ್ವತಃ ಹಾಕಿದ್ದಾರೆ. ಪುಟ ಅವರದ್ದು, ಹಕ್ಕು ಅವರದ್ದು. ನಾನಂತೂ ಹಳೆಯ ಕಪ್ಪು ಪ್ರತಿಯನ್ನೇ ಓದುತ್ತೇನೆ. ಪರಚಿದ ಹಾಗಿರುವ ಆ ಗೆರೆಗಳಲ್ಲೇ ಹೊಗೆ ಮುಸುಕಿದ ಲಂಡನ್ ಇದೆ. ‘ಹೆಲ್‌ಬಾಯ್’ ಬಣ್ಣದ್ದೇ ಅಲ್ವಾ ಅನ್ನುವವರೂ ಇದ್ದಾರೆ. ಹೌದು, ಆದರೆ ಅದನ್ನು ಬರೆದ ಮೈಕ್ ಮಿನ್ಯೋಲಾ ಬಣ್ಣ ಬರುತ್ತದೆ ಅಂತ ಗೊತ್ತಿದ್ದೇ ಕಪ್ಪು ಇಟ್ಟವರು. ಆ ಬಣ್ಣಗಳು ಕಪ್ಪಿನ ಪಕ್ಕದಲ್ಲಿ ನಿಲ್ಲುತ್ತವೆ, ಮೇಲೆ ಹತ್ತಿ ಕೂರುವುದಿಲ್ಲ.

ಕಂಪ್ಯೂಟರ್ ಮೇಲೂ ನನಗೆ ಕೋಪವಿಲ್ಲ. 1989ರಿಂದ ‘ಬರ್ಸರ್ಕ್’ ಅನ್ನುವ ಜಪಾನಿ ಕಾಮಿಕ್ಸ್ ಬರೆದ ಕೆಂಟಾರೊ ಮಿಯುರಾ ಕೊನೆಯ ವರ್ಷಗಳಲ್ಲಿ ಡಿಜಿಟಲ್‌ಗೆ ಬದಲಾದರು. ಆಗಲೂ ಎಲ್ಲಿ ಕಪ್ಪು ಇರಬೇಕು ಅಂತ ನಿರ್ಧರಿಸಿದವರು ಅವರೇ. 2021ರ ಮೇನಲ್ಲಿ ಅವರು ತೀರಿಕೊಂಡ ಸುದ್ದಿ ಕೇಳಿ ನಾನು ಅತ್ತಿದ್ದೇನೆ. ಮುಖ ನೋಡದ ಮನುಷ್ಯನಿಗಾಗಿ.

ಹಾಗಾಗಿ ಬಣ್ಣ ಹಾಕುವ ಆಸೆಯಿದ್ದವರು ದಯವಿಟ್ಟು ನಿಮ್ಮದೇ ಪುಟ ಬರೆದು ಹಾಕಿ, ಖುಷಿಯಿಂದ ನೋಡುತ್ತೇನೆ. ಇವರ ಪುಟಗಳಿಗೆ ಬಣ್ಣ ಬಳಿದು ನನ್ನನ್ನು ಟ್ಯಾಗ್ ಮಾಡಬೇಡಿ. ಮನೆಯಲ್ಲಿ ನಿಬ್ಬು, ಶಾಯಿ ಇಟ್ಟುಕೊಂಡು ಸುಮ್ನೆ ಕೂತವರು ಯಾರಾದರೂ ಇದ್ದರೆ ಹೇಳಿ, ಈ ವಾರ ಒಟ್ಟಿಗೆ ಒಂದು ಪುಟ ಬರೆಯೋಣ. ಕಪ್ಪಿನಲ್ಲೇ.